‘ಪುಟ್ ಆಫ್’, ‘ಕಾಲ್ ಆಫ್’: ಮಳೆರಜೆಯ ಸೂಚನೆಯಲ್ಲಿ ಯಾವುದನ್ನು ಬಳಸಬೇಕು?

ಪ್ರಶ್ನೆ (ಉಡುಪಿ)
ಪದವಿಪೂರ್ವ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಜಿಲ್ಲಾಧಿಕಾರಿಗಳು ಮಳೆಯ ಕಾರಣ ರಜೆ ಸಾರಿದ ದಿನ ನಡೆಯಬೇಕಿದ್ದ ಕಿರುಪರೀಕ್ಷೆಯ ಬಗ್ಗೆ ಇಂಗ್ಲಿಷಿನಲ್ಲಿ ಸೂಚನೆ ಬರೆಯಲು ಹೇಳಿದಾಗ, ಕೆಲವರು ‘ಪುಟ್ ಆಫ್’ ಎಂದೂ ಕೆಲವರು ‘ಕಾಲ್ಡ್ ಆಫ್’ ಎಂದೂ ಬರೆದು, ಎರಡೂ ಒಂದೇ ಎಂದು ವಾದಿಸಿದರು. ವ್ಯತ್ಯಾಸವನ್ನು ಅವರಿಗೆ ಮನವರಿಕೆ ಮಾಡುವುದು ಹೇಗೆ? ‘ಪುಟ್ ಆಫ್ ಇಟ್’ ಏಕೆ ತಪ್ಪು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ (ಮಂಗಳೂರು)
‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಕಾಲ್ ಆಫ್’ ಎಂದರೆ ರದ್ದುಮಾಡುವುದು. ನಮ್ಮ ಮಕ್ಕಳಿಗೆ ಬಯಲಾಟದ ಉದಾಹರಣೆ ಸುಲಭವಾಗಿ ಹಿಡಿಸುತ್ತದೆ. ಅಕಾಲ ಮಳೆ ಬಂದು ಇಂದಿನ ಆಟವನ್ನು ಬೇರೊಂದು ರಾತ್ರಿಗೆ ಇಟ್ಟುಕೊಂಡರೆ ಅದು ‘ಪುಟ್ ಆಫ್’. ಪತ್ತನಾಜೆ (ತುಳುನಾಡಿನಲ್ಲಿ ಯಕ್ಷಗಾನ ಮೇಳಗಳು ಆ ವರ್ಷದ ಆಟಗಳನ್ನು ಮುಗಿಸುವ ದಿನ) ಸಮೀಪಿಸಿ, ಮೇಳದ ತಿರುಗಾಟ ಮುಗಿಯುವುದರೊಳಗೆ ಬೇರೆ ದಿನವೇ ಸಿಗದೆ ಆಟವನ್ನು ಕೈಬಿಟ್ಟರೆ ಅದು ‘ಕಾಲ್ ಆಫ್’.

ಇನ್ನು ಪದಗಳ ಜಾಗ. ‘ಪುಟ್ ಆಫ್ ದ ಟೆಸ್ಟ್’, ‘ಪುಟ್ ದ ಟೆಸ್ಟ್ ಆಫ್’ ಎರಡೂ ಸರಿ. ಆದರೆ ಕರ್ಮಸ್ಥಾನದಲ್ಲಿ ಸರ್ವನಾಮ ಬಂದರೆ ಅದು ನಡುವೆಯೇ ನಿಲ್ಲಬೇಕು: ‘ಪುಟ್ ಇಟ್ ಆಫ್’, ‘ಕಾಲ್ ಇಟ್ ಆಫ್’. ‘ಪುಟ್ ಆಫ್’ ಆದ ಮೇಲೆ ಕ್ರಿಯಾಪದ ಬರುವುದಾದರೆ ‘ಗೋಯಿಂಗ್’, ‘ರೈಟಿಂಗ್’ ಎಂಬ ರೂಪವೇ ಬೇಕು. ‘ಪುಟ್ ಆಫ್ ಟು ಗೋ’ ಎಂದು ಬರೆದರೆ ತಿದ್ದಲೇಬೇಕು.

ಇನ್ನೊಂದು ಉತ್ತರ (ಮಣಿಪಾಲ)
ಮೇಲಿನ ವಿವರಣೆ ಸರಿಯಾಗಿದೆ. ಆದರೂ ಸೂಚನಾಫಲಕದ ಬರಹಕ್ಕೆ ‘ಪೋಸ್ಟ್‌ಪೋನ್ಡ್’ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ; ‘ಪುಟ್ ಆಫ್’ ಮಾತಿಗೆ ಹತ್ತಿರದ ಪ್ರಯೋಗ. ಅದನ್ನೇ ಬಳಸುವುದಾದರೆ ‘ಹ್ಯಾಸ್ ಬೀನ್ ಪುಟ್ ಆಫ್’ ಎನ್ನಬೇಕು. ‘ಪುಟ್’ ಭೂತಕಾಲದಲ್ಲಿಯೂ ‘ಪುಟ್’ ಆಗಿಯೇ ಉಳಿಯುತ್ತದೆ.

ಕರ್ಮವು ವ್ಯಕ್ತಿಯಾದಾಗ ಅರ್ಥ ಬದಲಾಗುವುದನ್ನೂ ಅವರಿಗೆ ತಿಳಿಸಿ. ಒಣಮೀನಿನ ವಾಸನೆಗೇ ಒಬ್ಬರಿಗೆ ಊಟ ಬೇಡವೆನಿಸಿದರೆ ‘ದ ಸ್ಮೆಲ್ ಪುಟ್ ಹಿಮ್ ಆಫ್’ ಎನ್ನುತ್ತಾರೆ. ಇಲ್ಲಿ ಮುಂದೂಡುವ ಮಾತೇ ಇಲ್ಲ, ಮನಸ್ಸು ಹಿಂಜರಿಯುವುದಷ್ಟೇ ಅರ್ಥ. ಮನೆಗಳಲ್ಲಿ ಹೇಳುವ ‘ಲೈಟ್ ಪುಟ್ ಆಫ್ ಮಾಡು’ ಎಂಬ ಬಳಕೆಗೂ ಇಂಗ್ಲಿಷ್ ನಿಘಂಟಿನ ಆಧಾರವಿದೆ; ಈಗ ‘ಟರ್ನ್ ಆಫ್’, ‘ಸ್ವಿಚ್ ಆಫ್’ ಹೆಚ್ಚು ಬಳಕೆಯಲ್ಲಿದ್ದರೂ, ಅದಕ್ಕಾಗಿ ಅಂಕ ಕಳೆಯುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹೊಸ ದಿನಾಂಕವನ್ನು ಇನ್ನೂ ನಿಗದಿಪಡಿಸದಿದ್ದರೆ ‘ಕಾಲ್ಡ್ ಆಫ್’ ಎನ್ನಬಹುದೇ?

ಉತ್ತರ (ಮಂಗಳೂರು)
ಪರೀಕ್ಷೆ ನಡೆಸುವ ಉದ್ದೇಶವಿರುವ ತನಕ ‘ಪುಟ್ ಆಫ್’ ಎಂದೇ ಬರೆಯಿಸಿ. ದಿನಾಂಕ ಗೊತ್ತಿಲ್ಲವೆಂಬುದನ್ನು ಸೂಚಿಸಲು ‘ಇನ್‌ಡೆಫಿನಿಟ್ಲಿ’ ಎಂದು ಸೇರಿಸಿದರೆ ಸಾಕು.