ಅಪ್‌ಡೇಟ್: ವಾಟರ್ಲೂ ಸೈನಿಕರ ಬಣ್ಣ ಈಗ ನಿಂತಿದೆ

ಹೋದ ತಿಂಗಳು ಕೇಳಿದ್ದೆ: ವಾಟರ್ಲೂ ಯುದ್ಧದ ಆಟಕ್ಕೆ ತಂದ ಸುಮಾರು 28 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಸೈನಿಕರಿಗೆ ಹಚ್ಚಿದ ಬಣ್ಣ ಉಗುರು ತಾಗಿದರೂ ಏಳುತ್ತಿದೆ, ಏನು ಮಾಡಲಿ ಅಂತ. ನೀವು ಹೇಳಿದ ಹಾಗೇ ಮಾಡಿದೆ. ಈಗ ಬಣ್ಣ ಗಟ್ಟಿಯಾಗಿ ಕೂತಿದೆ. ತುಂಬಾ ಥ್ಯಾಂಕ್ಸ್!

ಅಚ್ಚಿನಿಂದ ಬಂದ ಜಿಡ್ಡೇ ಕಾರಣ. ಸೋಪು ನೀರಲ್ಲಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಒಣಗಿಸಿ, ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ತಳಪದರ) ಹೊಡೆದೆ. ಆಮೇಲೆ ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ, ಹಾಲಿನಷ್ಟು ತೆಳುವಾಗಿ ಎರಡು ಕೋಟ್. ಮೊದಲು ಒಂದೇ ಸಲ ದಪ್ಪಗೆ ಬಳಿಯುತ್ತಿದ್ದೆ, ಅಂಗಿಯ ಗುಂಡಿಗಳೆಲ್ಲ ಮುಚ್ಚಿಹೋಗುತ್ತಿದ್ದವು.

ಜಾಸ್ತಿ ಕಷ್ಟ ಎದೆ ಮೇಲಿನ ಬಿಳಿ ಪಟ್ಟಿಗಳದ್ದು. ಅಂಗಿಯ ಕೆಂಪಿನ ಮೇಲೆ ನೇರವಾಗಿ ಬಿಳಿ ಹಚ್ಚಿದರೆ ಗುಲಾಬಿ ಕಾಣುತ್ತದೆ, ಅಲ್ವಾ? ಅದಕ್ಕೇ ಮೊದಲು ತಿಳಿ ಬೂದು, ಅದರ ಮೇಲೆ ಬಿಳಿ. ಅಂಚಲ್ಲಿ ಕೂದಲೆಳೆಯಷ್ಟು ಬೂದು ಉಳಿಸಿದರೆ ಪಟ್ಟಿ ಎದ್ದು ಕಾಣುತ್ತದೆ.

ಬ್ರಿಟಿಷರ 33ನೇ ರೆಜಿಮೆಂಟನ್ನೇ ಆರಿಸಿಕೊಂಡೆ. ಇವರ ಕಾಲರ್, ತೋಳಿನ ತುದಿಯೂ ಅಂಗಿಯ ಹಾಗೆ ಕೆಂಪೇ. 1815ರಲ್ಲಿ ವಾಟರ್ಲೂನಲ್ಲಿದ್ದ ಇದೇ ಪಡೆ 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇತ್ತು. ಅದು ಗೊತ್ತಾದ ಮೇಲೆ ಬ್ರಶ್ ಹಿಡಿದಾಗೆಲ್ಲ ಆ ಕೋಟೆಯೇ ಕಣ್ಣ ಮುಂದೆ ಬರುತ್ತದೆ.

12 ಜನರದ್ದು ಮುಗಿಯಿತು. ನಾಳೆ ಮ್ಯಾಟ್ ವಾರ್ನಿಶ್ (ಬಣ್ಣ ಕಾಪಾಡುವ, ಹೊಳಪಿಲ್ಲದ ಮೇಲ್ಪದರ).