ಅಪ್‌ಡೇಟ್: ಕಾರ್ ಟ್ರೈಲರ್‌ಗೆ ಹಲಗೆ ಹಾಸಿ ಆಯ್ತು

ಟೆಕ್ಸಸ್‌ನಲ್ಲಿ ಮನೆಯಲ್ಲೇ ಕಾರ್ ಸಾಗಿಸುವ ಟ್ರೈಲರ್ ಕಟ್ಟುತ್ತಿದ್ದೇನೆ, ಫ್ರೇಮ್ ಮುಗಿದಿದೆ, ಮೇಲೆ ಮರ ಹಾಸಲೋ ಚೆಕರ್ ಪ್ಲೇಟೋ (ಉಬ್ಬು ಗೆರೆಗಳಿರುವ ಲೋಹದ ತಗಡು) ಅಂತ ಕೇಳಿದ್ದೆನಲ್ಲ? ಮರವೇ ಗೆದ್ದಿತು. ಪ್ಲೇಟಿಗೆ ದುಡ್ಡು ಜಾಸ್ತಿ, ಮಳೆಯಲ್ಲಿ ಜಾರುತ್ತೆ ಬೇರೆ.

ಪ್ರೆಷರ್ ಟ್ರೀಟೆಡ್ ಪೈನ್ ಹಲಗೆ ತಂದೆ, ಅಂದರೆ ಕೊಳೆಯದಂತೆ ಒತ್ತಡ ಹಾಕಿ ಔಷಧಿ ತುಂಬಿದ ಮರ. ಅಂಗಡಿಯಲ್ಲಿ ಎರಡು-ಎಂಟು (ಎರಡು ಇಂಚು ದಪ್ಪ, ಎಂಟು ಇಂಚು ಅಗಲ) ಅಂತಾರೆ, ಟೇಪ್ ಹಿಡಿದರೆ ದಪ್ಪ ಒಂದೂವರೆ ಇಂಚು, ಅಗಲ ಏಳೂಕಾಲು! ಹಲಗೆ ಇನ್ನೂ ಹಸಿ ಇತ್ತು, ಸ್ಕ್ರೂ ಬಿಗಿದ ಕಡೆಯೆಲ್ಲ ನೀರು ಜಿನುಗುತ್ತಿತ್ತು. ಅದಕ್ಕೇ ಸಂದು ಬಿಡದೆ ಒತ್ತಿ ಕೂರಿಸಿದೆ. ಒಣಗಿದಾಗ ತಾನೇ ಕುಗ್ಗಿ ಸಂದು ಬಿಡುತ್ತೆ, ಮಳೆನೀರು ಇಳಿಯೋಕೆ ಅಷ್ಟು ಸಾಕು. ಈ ಹಲಗೆಗೆ ತುಂಬುವ ಔಷಧಿಯಲ್ಲಿ ತಾಮ್ರ ಇರುತ್ತೆ, ಬರಿ ಕಬ್ಬಿಣಕ್ಕೆ ತಾಗಿದರೆ ಬೇಗ ತುಕ್ಕು. ಫ್ರೇಮಿಗೆ ಮೊದಲೇ ಪ್ರೈಮರ್, ಪೇಂಟ್ ಎರಡೂ ಹೊಡೆದಿದ್ದೆ. ಸ್ಕ್ರೂ ಕೂಡ ಕೋಟಿಂಗ್ ಇರುವಂಥದ್ದೇ.

ಕಾರನ್ನು ಬಿಗಿದು ಕಟ್ಟುವ ಡಿ-ರಿಂಗನ್ನು ಹಲಗೆಗೆ ಕೂರಿಸಬೇಡಿ ಅಂದವರಿಗೆ ನಮಸ್ಕಾರ. ನಾಲ್ಕನ್ನೂ ಫ್ರೇಮಿಗೇ ವೆಲ್ಡ್ ಮಾಡಿದೆ.

ಅಡಿಯಲ್ಲಿರುವುದು ತಲಾ 3,500 ಪೌಂಡ್ ಹೊರುವ ಎರಡು ಆಕ್ಸಲ್ (ಚಕ್ರದ ಅಚ್ಚು). ಆ 7,000ದಲ್ಲಿ ಟ್ರೈಲರ್‌ನ ತೂಕ ಕಳೆದು ಉಳಿದಷ್ಟೇ ಕಾರಿಗೆ. ಮನೆ ಮುಂದೆಯೇ ಹಳೇ ಕೊರೊಲಾ ಹತ್ತಿಸಿ, ಹಿಂದೆ ಮುಂದೆ ಸರಿಸಿ ನೋಡಿದೆ. ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಭಾರ ಹಿಚ್ ಮೇಲೆ (ಎಳೆಯುವ ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಬೀಳಬೇಕು. ಕಡಿಮೆಯಾದರೆ ಹೈವೇಯಲ್ಲಿ ಟ್ರೈಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಸರಿಯಾದ ಜಾಗದಲ್ಲಿ ಚಕ್ರದ ಪಕ್ಕ ಹಲಗೆಗೆ ಹಳದಿ ಗೆರೆ ಎಳೆದಿದ್ದೇನೆ.

ಬ್ರೇಕ್ ವೈರಿಂಗ್ ಬಾಕಿ. ಅದಾಗುವವರೆಗೆ ರಸ್ತೆಗೆ ಇಳಿಸಲ್ಲ.