ಅಪ್‌ಡೇಟ್: ಸಿಪಿಯು ಖಾಲಿ ಇದ್ದರೂ ಆಡಿಯೋದಲ್ಲಿ ಚಟಪಟ ಸದ್ದು

ಎಂಟು ಕೋರ್‌ಗಳ ಒಟ್ಟು ಬಳಕೆ 30% ಕೂಡ ದಾಟದಿದ್ದರೂ ರೆಕಾರ್ಡಿಂಗ್ ವೇಳೆ ಚಟಪಟ ಸದ್ದು ಯಾಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ಕೋರ್‌ವಾರು ಗ್ರಾಫ್ ತೆರೆದೆ. ಏಳು ಕೋರ್ ಆರಾಮಾಗಿವೆ, ಒಂದು ಮಾತ್ರ ಏದುಸಿರು ಬಿಡ್ತಿದೆ! 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಒಂದು ಸಲಕ್ಕೆ ಸಂಸ್ಕರಿಸುವ ಧ್ವನಿಯ ತುಣುಕು) ಅಂದರೆ ಪ್ರತಿ ತುಣುಕಿಗೆ ಸಿಗುವ ಸಮಯ ಸುಮಾರು 2.67 ಮಿಲಿಸೆಕೆಂಡ್ ಅಷ್ಟೇ. ಮಾಸ್ಟರ್‌ನಲ್ಲಿ, ಅಂದರೆ ಎಲ್ಲ ಟ್ರ್ಯಾಕ್ ಕೂಡುವ ಕೊನೆಯ ಚಾನೆಲ್‌ನಲ್ಲಿ, ಸಾಲಾಗಿರುವ ಪ್ಲಗಿನ್‌ಗಳಲ್ಲಿ (ಧ್ವನಿ ಎಫೆಕ್ಟ್‌ಗಳಲ್ಲಿ) ಒಂದು ಮುಗಿಸಿ ಕೊಟ್ಟ ಮೇಲೇ ಮುಂದಿನದು ಶುರು. ಈ ಸರಪಳಿಯನ್ನು ಕೋರ್‌ಗಳಿಗೆ ಹಂಚೋಕೆ ಬರಲ್ಲ. ಭಾರದ ಪ್ಲಗಿನ್‌ಗಳನ್ನು ಬೇರೆ ಬೇರೆ ಗ್ರೂಪ್ ಬಸ್‌ಗಳಿಗೆ (ಕೆಲವು ಟ್ರ್ಯಾಕ್ ಒಟ್ಟಿಗೆ ಸೇರುವ ಉಪ-ಚಾನೆಲ್‌ಗಳಿಗೆ) ಸಾಗಿಸಿದೆ, ಅವು ಸಮಾನಾಂತರವಾಗಿ ಓಡುತ್ತವೆ. ಮುಕ್ಕಾಲು ಕಾಟ ಅಲ್ಲಿಗೇ ನಿಂತಿತು.

ಉಳಿದದ್ದು ಅಪರೂಪದ ಒಂಟಿ ‘ಚಟ್’. ಲಿನಕ್ಸ್‌ನಲ್ಲಿ ಆಡಿಯೋ ಥ್ರೆಡ್‌ಗೆ (ಧ್ವನಿ ಸಂಸ್ಕರಿಸುವ ಕೆಲಸದ ಎಳೆಗೆ) ಸಾಮಾನ್ಯ ಕೆಲಸಗಳಿಗಿಂತ ಮೊದಲು ಓಡಿಸುವ ಫೈಫೋ ರಿಯಲ್‌ಟೈಮ್ ಆದ್ಯತೆ ಕೊಟ್ಟು, ಸಿಪಿಯು ವೇಗ ನಿಯಂತ್ರಿಸುವ ಗವರ್ನರ್ ‘ಪರ್ಫಾರ್ಮೆನ್ಸ್’ಗೆ ಬದಲಿಸಿದೆ. ಹೋಯ್ತು.

ಥ್ರೆಡ್ ಅನ್ನು ಒಂದೇ ಕೋರ್‌ಗೆ ಕಟ್ಟಿಹಾಕುವ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ. ಆ ಕೋರ್‌ಗೆ ಇಂಟರಪ್ಟ್ (ಹಾರ್ಡ್‌ವೇರ್‌ನ ತುರ್ತು ಕರೆ) ಬಂದಾಗ ಪಕ್ಕದ ಕೋರ್ ಖಾಲಿ ಇದ್ದರೂ ಥ್ರೆಡ್ ಕಾಯಬೇಕು. ಮಿಕ್ಸಿಂಗ್‌ಗೆ ಹೇಗೂ ಬಫರ್ 256ಕ್ಕೆ ಏರಿಸ್ತೀನಿ. ಬಫರ್ 64ರಲ್ಲಿ ಕನ್ವಲ್ಯೂಷನ್ ರಿವರ್ಬ್ (ಲೆಕ್ಕ ಭಾರವಾದ ಪ್ರತಿಧ್ವನಿ ಎಫೆಕ್ಟ್) ಇನ್ನೂ ತಕರಾರು ಮಾಡ್ತಿದೆ.